ಸವೆಯದ ಆರು ಬೆಂಚು

ರಸಮಟ್ಟವನ್ನು ಒಂದೇ ಸಲ ಇಟ್ಟು ನೋಡಿ ಸುಮ್ಮನಾಗುವವನು ಬಡಗಿಯೇ ಅಲ್ಲ ಅನ್ನುತ್ತಿದ್ದರು ನಮ್ಮ ಮೇಸ್ತ್ರಿ. ಹಲಗೆಯ ಮೇಲಿಟ್ಟಾಗ ಗಾಜಿನ ನಳಿಗೆಯೊಳಗಿನ ಗುಳ್ಳೆ ನಡುವಿಗೆ ಬಂದು ನಿಂತಿತೋ, ಒಳ್ಳೆಯದು. ಈಗ ಅದನ್ನು ತಿರುಗಿಸಿ, ಎಡದ ತುದಿ ಬಲಕ್ಕೆ ಮಾಡಿ ಇನ್ನೊಮ್ಮೆ ಇಡಬೇಕು. ಆಗಲೂ ಗುಳ್ಳೆ ನಡುವೆಯೇ ನಿಂತರೆ ಸರಿ. ಇಲ್ಲವಾದರೆ ರಸಮಟ್ಟವೇ ಸುಳ್ಳು ಹೇಳುತ್ತಿದೆ ಅಂತ ಅರ್ಥ. ಕಸುಬಿಗೆ ಇದು ಸರಿಯೇ. ಆದರೆ ಈ ಪುಣ್ಯಾತ್ಮ ಮನುಷ್ಯರನ್ನೂ ಹಾಗೇ ತಿರುಗಿಸಿ ನೋಡುತ್ತಿದ್ದರು. ಒಂದು ಅಂಗಡಿಯಲ್ಲಿ ತೂಗಿಸಿದ ಸಕ್ಕರೆಯನ್ನು ಪಕ್ಕದ ಅಂಗಡಿಯಲ್ಲಿ ಮತ್ತೆ ತೂಗಿಸುತ್ತಿದ್ದರು. ಡಾಕ್ಟರು ಜ್ವರ ಇಲ್ಲ ಅಂದರೆ ಥರ್ಮಾಮೀಟರು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ, ವಾಪಸು ಬಂದು ಎಳೆದು ನೋಡುವವರನ್ನು ನೀವೂ ಕಂಡಿರುತ್ತೀರಿ. ಇವರು ಎಳೆದು ನೋಡಿದ್ದು ನಿಜವೋ ಅಂತ ಮತ್ತೊಮ್ಮೆ ವಾಪಸು ಬರುತ್ತಿದ್ದರು. ಊರವರು ಅವರಿಗೆ ರಸಮಟ್ಟದ ಮೇಸ್ತ್ರಿ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಮೂವತ್ತೊಂದು ವರ್ಷದಿಂದ ಅವರು ಶಾಲಾ ಮಂಡಳಿಯ ಬಡಗಿ. ಮಂಡಳಿ ಕಚೇರಿಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಒಂದು ಕೆಲಸದ ಮೇಜು, ಒಂಬತ್ತು ಶಾಲೆಗಳಿಂದ ಬಂದ ಕಾಲು ಮುರಿದ ಬೆಂಚುಗಳು. ಒಂದೊಂದನ್ನು ದುರಸ್ತಿ ಮಾಡಿ, ವಾರ್ನಿಷ್ ಹೊಡೆದು, ಅಡಿಭಾಗದಲ್ಲಿ ದಪ್ಪ ಪೆನ್ಸಿಲಿನಿಂದ ದಿನಾಂಕ ಬರೆದು ಕಳಿಸುವುದು ಅವರ ಪದ್ಧತಿ. ಮಾಡಿದ್ದು ನಾನೇ ಅಂತ ನಾಳೆ ನನಗೇ ಅನುಮಾನ ಬಂದರೆ ಅಂತ ಅದಕ್ಕೊಂದು ಕಾರಣವನ್ನೂ ಇಟ್ಟುಕೊಂಡಿದ್ದರು.

ಮಂಡಳಿ ಅಂದರೆ ಜನ ವೋಟು ಹಾಕಿ ಕೂರಿಸಿದ ಏಳು ಮಂದಿ. ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಅಧ್ಯಕ್ಷರು. ತಿಂಗಳ ಮೊದಲ ಮಂಗಳವಾರ ಸಭೆ. ಯಾವ ಶಾಲೆಗೆ ಎಷ್ಟು ಹಣ, ಯಾವ ಶಾಲೆಗೆ ಬೀಗ ಅನ್ನುವುದು ಅಲ್ಲಿ ಕೈ ಎತ್ತಿ ತೀರ್ಮಾನವಾಗುತ್ತಿತ್ತು. ಹಣ ತಲೆ ಎಣಿಸಿ ಬರುತ್ತಿತ್ತು. ವರ್ಷಕ್ಕೊಂದು ದಿನ ದಾಖಲೆಯಲ್ಲಿದ್ದ ಹೆಸರುಗಳ ಎಣಿಕೆ, ಅವತ್ತು ನಲವತ್ತು ಮಕ್ಕಳಿಗಿಂತ ಕಡಿಮೆ ಇದ್ದ ಶಾಲೆಗೆ ಮರುಮಾತಿಲ್ಲದೆ ಬೀಗ. ಇನ್ನೊಂದು ನಿಯಮವೂ ಇತ್ತು. ವಾರ್ಷಿಕ ಪರೀಕ್ಷೆಯಲ್ಲಿ ಮೂರು ವರ್ಷ ಸತತವಾಗಿ ಕೊನೆಯ ಸ್ಥಾನಕ್ಕೆ ಬಿದ್ದ ಶಾಲೆಯನ್ನು ಮುಚ್ಚಬೇಕೋ ಬೇಡವೋ ಅಂತ ವೋಟಿಗೆ ಹಾಕುತ್ತಿದ್ದರು.

ಈಗ ದಿಬ್ಬದ ಶಾಲೆ ಆ ಎರಡನೆಯ ನಿಯಮದ ಬಾಯಿಗೆ ಸಿಕ್ಕಿಕೊಂಡಿತ್ತು. ಮೂರು ಕೋಣೆಯ ಶಾಲೆ. ಅದರ ಮುಖ್ಯೋಪಾಧ್ಯಾಯಿನಿ ಮೇಸ್ತ್ರಿಯ ಒಬ್ಬಳೇ ತಂಗಿ. ಅಪ್ಪ ಹೋದ ಮೇಲೆ ಇವರೇ ಓದಿಸಿ ಕೆಲಸಕ್ಕೆ ಸೇರಿಸಿದ ಹುಡುಗಿ. ಮದುವೆ ಮಾಡಿಕೊಳ್ಳಲಿಲ್ಲ, ಇಪ್ಪತ್ತಾರು ವರ್ಷದಿಂದ ಆ ಶಾಲೆಯೇ ಅವಳ ಸಂಸಾರ. ಶಾಲೆಗೆ ಬೀಗ ಬಿದ್ದರೆ ದಿಬ್ಬದ ಮಕ್ಕಳು ಒಂದು ಗಂಟೆ ನಡೆದು ಪೇಟೆಗೆ ಇಳಿಯಬೇಕು. ತಂಗಿ ಎಲ್ಲಿಗೆ ಇಳಿಯುತ್ತಾಳೆ ಅನ್ನುವುದನ್ನು ಮೇಸ್ತ್ರಿಗೆ ಯೋಚಿಸಲೂ ಆಗುತ್ತಿರಲಿಲ್ಲ.

ಹಾಗಂತ ತಂಗಿಯ ಶಾಲೆಯನ್ನು ಮೇಸ್ತ್ರಿ ನಂಬಿದ್ದರೋ? ಅದೂ ಇಲ್ಲ. ಅವರ ಮೂವರು ಮೊಮ್ಮಕ್ಕಳು ಮೊದಲು ಅಲ್ಲಿಯೇ ಓದುತ್ತಿದ್ದರು. ಮೂರು ವರ್ಷದ ಹಿಂದೆ ಕಚೇರಿಯ ಗೋಡೆಗೆ ಫಲಿತಾಂಶದ ಪಟ್ಟಿ ಅಂಟಿಸಿದಾಗ ಪೇಟೆ ಶಾಲೆ ಒಂದನೆಯದು, ದಿಬ್ಬದ್ದು ಐದನೆಯದು ಅಂತ ಕಂಡಿತು. ಮೇಸ್ತ್ರಿ ಅದೇ ವಾರ ಮೂವರನ್ನೂ ಬಿಡಿಸಿ ಪೇಟೆ ಶಾಲೆಗೆ ಸೇರಿಸಿದರು. ಪ್ರೀತಿ ಬೇರೆ, ಓದು ಬೇರೆ ಕಣಮ್ಮ ಅಂತ ತಂಗಿಗೂ ಹೇಳಿದರು. ನಿನ್ನಿಷ್ಟ ಅಣ್ಣ ಅಂದಳು ಅವಳು, ಅಷ್ಟೇ. ಮುಂದಿನ ವರ್ಷ ದಿಬ್ಬದ ಶಾಲೆ ಒಮ್ಮೆಲೇ ಒಂಬತ್ತನೆಯ ಸ್ಥಾನಕ್ಕೆ ಜಾರಿದಾಗ, ಬಿಡಿಸಿದ್ದೇ ಒಳ್ಳೆಯದಾಯಿತು ಅಂತ ಇವರು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡರು.

ಆದರೆ ಶಾಲೆಗೆ ಬೀಗ ಅನ್ನುವ ಮಾತು ಬಂದಾಗ ರಸಮಟ್ಟ ಹೊರಗೆ ಬಂತು. ಐದರಿಂದ ಒಂಬತ್ತಕ್ಕೆ ಒಂದೇ ವರ್ಷದಲ್ಲಿ ಬೀಳುವುದು ಅಂದರೇನು? ಟೀಚರುಗಳು ಅವರೇ, ಪಾಠ ಅದೇ. ಮೊದಲು ಅಧ್ಯಕ್ಷರ ಮೇಲೆ ಅನುಮಾನ ಬಂತು, ದಿಬ್ಬದ ಜಾಗ ಅವರ ಗೋದಾಮಿಗೆ ಬೇಕಿರಬೇಕು ಅಂತ. ಅವರ ಅಂಗಡಿಯ ಮುಂದೆ ಎರಡು ದಿನ ಸುಮ್ಮಸುಮ್ಮನೆ ಸುಳಿದಾಡಿ ಬಂದರು. ಅಂಗಡಿಯಲ್ಲೇ ಅರ್ಧ ಖಾಲಿ, ಗೋದಾಮು ಯಾಕೆ? ಆಮೇಲೆ ಅನುಮಾನ ಕಚೇರಿಯ ಗುಮಾಸ್ತನ ಮೇಲೆ ತಿರುಗಿತು. ಮಕ್ಕಳ ಪಟ್ಟಿ ಟೈಪ್ ಮಾಡುವವನು ಅವನು, ಕೇಳದಿದ್ದರೂ ನಗುತ್ತಿದ್ದ. ನಗುವವನನ್ನು ಮೇಸ್ತ್ರಿ ಎಂದೂ ನಂಬಿದವರಲ್ಲ.

ಆ ರಜೆಯಲ್ಲಿ ದಿಬ್ಬದ ಶಾಲೆಯ ಬೆಂಚುಗಳು ದುರಸ್ತಿಗೆ ಬಂದವು. ಇಬ್ಬರು ಕೂರುವ ಬೆಂಚು, ಕೆಳಗೆ ಕಾಲಿಡಲು ಒಂದು ಪಟ್ಟಿ. ಮಕ್ಕಳ ಕಾಲು ಸುಮ್ಮನಿರುತ್ತದೆಯೇ? ಉಜ್ಜಿ ಉಜ್ಜಿ ಆರು ತಿಂಗಳಲ್ಲಿ ಆ ಪಟ್ಟಿಯ ವಾರ್ನಿಷ್ ಹೋಗಿ ಬಿಳಿ ಮರ ಕಾಣುತ್ತದೆ. ಆದರೆ ಇಪ್ಪತ್ತೈದರಲ್ಲಿ ಆರು ಬೆಂಚುಗಳ ಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಡಿಭಾಗ ನೋಡಿದರೆ ಮೂರು ವರ್ಷದ ಹಿಂದಿನ ತಮ್ಮದೇ ದಿನಾಂಕ. ಮೇಸ್ತ್ರಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, ಪೇಟೆ ಶಾಲೆಗೆ ಹೋಗಿ ಅಲ್ಲಿಯ ಬೆಂಚುಗಳ ಕೆಳಗೆ ತಲೆ ತೂರಿಸಿದರು. ಇಬ್ಬರು ಕೂರಬೇಕಾದ ಬೆಂಚುಗಳಲ್ಲಿ ಮೂರು ಮೂರು ಕಡೆ ಸವೆತ.

ಆರು ಬೆಂಚು, ಹನ್ನೆರಡು ಮಕ್ಕಳು. ಹೆಸರು ದಿಬ್ಬದಲ್ಲಿ, ಕೂರುವುದು ಪೇಟೆಯಲ್ಲಿ. ಪರೀಕ್ಷೆ ಎಲ್ಲ ಶಾಲೆಗಳಿಗೂ ಪೇಟೆ ಶಾಲೆಯ ಹಾಲಿನಲ್ಲೇ ನಡೆಯುತ್ತಿದ್ದುದರಿಂದ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಪೇಟೆ ಶಾಲೆಯ ಹೆಡ್‌ಮಾಸ್ತರು ಓದಿನಲ್ಲಿ ಹಿಂದೆ ಬಿದ್ದ ಹನ್ನೆರಡು ಮಕ್ಕಳನ್ನು ಕಾಗದದ ಮೇಲೆ ದಿಬ್ಬಕ್ಕೆ ದಾಟಿಸಿದ್ದಾರೆ. ಅವರ ಕಡಿಮೆ ಅಂಕವೆಲ್ಲ ತಂಗಿಯ ಶಾಲೆಯ ತಲೆಗೆ ಕಟ್ಟಿ ತಾವು ಒಂದನೆಯ ಸ್ಥಾನದಲ್ಲಿ ಕೂತಿದ್ದಾರೆ. ಗುಮಾಸ್ತ ಪಟ್ಟಿ ಟೈಪ್ ಮಾಡಿಕೊಟ್ಟಿದ್ದಾನೆ. ಪಾಪ, ತಂಗಿಗೆ ಇದರ ಗಾಳಿಗಂಧವೂ ಇಲ್ಲ. ಕಳ್ಳ ಸಿಕ್ಕಿದ ಅಂತ ಮೇಸ್ತ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸಭೆಗೆ ಎರಡು ದಿನ ಮೊದಲು ತಂಗಿ ಶೆಡ್ಡಿಗೆ ಬಂದಳು. ಅಣ್ಣ ಪೇಟೆ ಶಾಲೆಯಲ್ಲಿ ಬೆಂಚಿನ ಕೆಳಗೆ ಮಲಗಿದ್ದನ್ನು ಯಾರೋ ಅವಳಿಗೆ ಹೇಳಿದ್ದರು. ಹೊತ್ತು ಕಳೆಯುವವಳ ಹಾಗೆ ಮರದ ಪುಡಿಯನ್ನು ಬೆರಳಲ್ಲಿ ಕೆದಕುತ್ತಾ ನಿಂತಿದ್ದಳು.

"ಅಣ್ಣ, ಈ ಸಲದ ಸಭೆಗೆ ನೀನು ಬರಬೇಡ" ಅಂದಳು ಕೊನೆಗೆ.

ಯಾಕೆ ಅಂದರೆ ಹೇಳಲಿಲ್ಲ. ಅಯ್ಯೋ ಪಾಪ, ಇವಳನ್ನು ಯಾರೋ ಹೆದರಿಸಿದ್ದಾರೆ ಅಂದುಕೊಂಡರು ಮೇಸ್ತ್ರಿ. ನೋಡಿ ಎಂಥಾ ಮನುಷ್ಯ! ಊರನ್ನೆಲ್ಲ ತಿರುಗಿಸಿ ನೋಡಿದವರು ಎದುರಿಗೆ ನಿಂತವಳನ್ನು ಎರಡನೆಯ ಸಲ ಕೇಳಲಿಲ್ಲ. ಗೋಡೆಗೂ ಕಿವಿ ಇರುತ್ತೆ ಅಂತ ತಮಗೆ ಗೊತ್ತಾದದ್ದನ್ನೂ ಬಾಯಿ ಬಿಡಲಿಲ್ಲ. ನೀನು ಧೈರ್ಯವಾಗಿರು ಅಂತ ತಲೆ ಸವರಿ ಕಳಿಸಿದರು.

ಮಂಗಳವಾರ ಅವರು ದಿಬ್ಬದ್ದೊಂದು, ಪೇಟೆಯದ್ದೊಂದು, ಎರಡು ಬೆಂಚುಗಳನ್ನು ಕೈಗಾಡಿಯಲ್ಲಿ ಹಾಕಿಕೊಂಡು ಸಭೆಗೆ ಬಂದರು. ಸಾರ್ವಜನಿಕರಿಗೆ ಮಾತಾಡಲು ಮೂರು ನಿಮಿಷ. ಮೇಸ್ತ್ರಿ ಬೆಂಚುಗಳನ್ನು ಮಗುಚಿ ಹಾಕಿ, ಏಳು ಮಂದಿಯನ್ನೂ ಕುರ್ಚಿಯಿಂದ ಎಬ್ಬಿಸಿ, ಬಗ್ಗಿಸಿ ಪಟ್ಟಿ ತೋರಿಸಿದರು. ಇಲ್ಲಿ ಕಾಲೇ ಬಿದ್ದಿಲ್ಲ, ಅಲ್ಲಿ ಆರು ಕಾಲು ಬಿದ್ದಿವೆ. ಕಾಗದ ಸುಳ್ಳು ಹೇಳಬಹುದು, ಮರ ಹೇಳುವುದಿಲ್ಲ ಅಂದರು. ಪೇಟೆ ಶಾಲೆಯ ಹೆಡ್‌ಮಾಸ್ತರು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡರು. ಮೇಸ್ತ್ರಿ ಹಿಗ್ಗಿ ಹೀರೇಕಾಯಿಯಾಗಿ, ಆ ಹನ್ನೆರಡು ಮಕ್ಕಳ ವರ್ಗಾವಣೆ ಪತ್ರ ತರಿಸಿ, ಯಾರ್ಯಾರು ಸಹಿ ಹಾಕಿದ್ದಾರೋ ಎಲ್ಲರ ಮುಂದೆ ಓದಿ ಅಂತ ಒತ್ತಾಯ ಮಾಡಿದರು.

ಗುಮಾಸ್ತ ಫೈಲು ತಂದ. ಈ ಸಲ ಅವನು ನಗಲಿಲ್ಲ. ಕಳಿಸಿಕೊಟ್ಟವರ ಸಹಿ ಪೇಟೆ ಶಾಲೆಯ ಹೆಡ್‌ಮಾಸ್ತರದ್ದು. ಸೇರಿಸಿಕೊಂಡವರ ಸಹಿ, ಹನ್ನೆರಡಕ್ಕೂ, ದಿಬ್ಬದ ಮುಖ್ಯೋಪಾಧ್ಯಾಯಿನಿಯದ್ದು.

ಮುಂದಿನ ಸಾಲಿನಲ್ಲಿ ಕೂತಿದ್ದ ತಂಗಿ ತಾನಾಗಿಯೇ ಎದ್ದು ನಿಂತಳು. ಹೌದು, ಗೊತ್ತಿದ್ದೇ ಸಹಿ ಹಾಕಿದೆ ಅಂದಳು. ಮೂರು ವರ್ಷದ ಹಿಂದೆ ನನ್ನ ಶಾಲೆ ಮೂವತ್ತೇಳಕ್ಕೆ ಇಳಿಯಿತು. ಎಣಿಕೆಗೆ ಹತ್ತು ದಿನ ಇತ್ತು. ಪೇಟೆ ಶಾಲೆಯವರು ಹನ್ನೆರಡು ಹೆಸರು ಕೊಡ್ತೀವಿ ಅಂದರು, ಎಂಥ ಹೆಸರು ಅಂತ ನನಗೂ ಗೊತ್ತಿತ್ತು. ತಗೊಳ್ಳದಿದ್ದರೆ ಆ ವರ್ಷವೇ ಬೀಗ, ತಗೊಂಡರೆ ಮೂರು ವರ್ಷ ಸಿಗುತ್ತೆ, ಅಷ್ಟರಲ್ಲಿ ನಿಜವಾದ ಮಕ್ಕಳು ಬಂದಾರು ಅಂದುಕೊಂಡೆ. ಬರಲಿಲ್ಲ. ಇಷ್ಟನ್ನು ಅವಳು ಪಾಠ ಒಪ್ಪಿಸುವ ಹಾಗೆ ಹೇಳಿ ಮುಗಿಸಿದಳು.

ಅಧ್ಯಕ್ಷರು ಗುಮಾಸ್ತನಿಗೆ ಲೆಕ್ಕ ಹಾಕಲು ಹೇಳಿದರು. ಹನ್ನೆರಡು ಹೆಸರು ತೆಗೆದರೆ ದಿಬ್ಬದ ಶಾಲೆಯ ಫಲಿತಾಂಶ ಎರಡನೆಯ ಸ್ಥಾನಕ್ಕೆ ಬರುತ್ತಿತ್ತು. ಹಾಲಿನಲ್ಲಿ ಗುಸುಗುಸು ಎದ್ದಿತು. ಆದರೆ ಮಕ್ಕಳು ಮೂವತ್ತೇಳೇ. ಇನ್ನು ಮೂರು ಇದ್ದಿದ್ದರೆ ಅಂದರು ಅಧ್ಯಕ್ಷರು, ಈ ಮೂರು ಯಾವಾಗ ಕಡಿಮೆಯಾದದ್ದು ಅಂತ ಕೇಳಿದರು. ಗುಮಾಸ್ತ ಹಾಳೆ ತಿರುವಿದ. ಮೂವರೂ ಒಂದೇ ದಿನ ಬಿಟ್ಟವರು, ಒಂದೇ ಮನೆಯವರು. ಪೋಷಕರ ಸಹಿ ಅಂತ ಓದಲು ಹೊರಟವನು ನಿಲ್ಲಿಸಿ, ಹಾಳೆಯನ್ನು ಅಧ್ಯಕ್ಷರ ಮುಂದೆ ಇಟ್ಟ. ಎಲ್ಲರೂ ನೀಲಿ ಶಾಯಿಯಲ್ಲಿ ಸಹಿ ಹಾಕುವ ಜಾಗದಲ್ಲಿ ಬಡಗಿಯ ದಪ್ಪ ಪೆನ್ಸಿಲಿನ ಗೀಟು ಎದ್ದು ಕಾಣುತ್ತಿತ್ತು.

ಮೇಸ್ತ್ರಿ ಮಗುಚಿದ ಬೆಂಚಿನ ಪಕ್ಕದಲ್ಲಿ ನಿಂತೇ ಇದ್ದರು. ಕೂರೋಣ ಅಂದರೆ ಬೆಂಚು ನೆಟ್ಟಗಿರಲಿಲ್ಲ.

ಕೊನೆಗೆ ಆದದ್ದು ಇಷ್ಟು. ತಂಗಿಗೆ ಅಮಾನತು. ಪೇಟೆ ಶಾಲೆಯ ಹೆಡ್‌ಮಾಸ್ತರಿಗೆ ಒಂದು ಎಚ್ಚರಿಕೆಯ ಪತ್ರ, ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಹೋದರು. ಈ ವರ್ಷದ ಎಣಿಕೆಗೆ ಇನ್ನೂ ಹದಿನೈದು ದಿನ ಇದ್ದುದರಿಂದ ಬೀಗದ ಮಾತು ಅಲ್ಲಿಯವರೆಗೆ ಮುಂದಕ್ಕೆ ಹೋಯಿತು. ಜೊತೆಗೊಂದು ಹೊಸ ನಿಯಮ ಪಾಸಾಯಿತು. ಇನ್ನು ಮುಂದೆ ಹೆಸರಿದ್ದರೆ ಸಾಲದು, ಎಣಿಸುವವರು ಮೇಸ್ತ್ರಿ ತೋರಿಸಿದ ಹಾಗೆ ಬೆಂಚನ್ನೂ ಬಗ್ಗಿ ನೋಡಬೇಕು. ಏಳಕ್ಕೆ ಏಳೂ ಕೈ ಎದ್ದವು.

ದಾರಿಯಲ್ಲಿ ಅಣ್ಣ ತಂಗಿ ಕೈಗಾಡಿಯ ಆಚೆ ಈಚೆ ನಡೆದರು. ನನಗೊಂದು ಮಾತು ಹೇಳಬಾರದಿತ್ತೇ ಅಂತ ಮೇಸ್ತ್ರಿ ಕೇಳಿದರು.

"ಹೇಳಿದ್ದರೆ ಆ ಮೂರು ಯಾವುವು ಅಂತಾನೂ ಹೇಳಬೇಕಾಗ್ತಿತ್ತು" ಅಂದಳು ತಂಗಿ. "ನೀನು ಎಲ್ಲಾನೂ ಎರಡು ಸಲ ನೋಡೋನು. ಗೋಡೆ ಮೇಲಿನ ಆ ಪಟ್ಟಿ ಒಂದನ್ನ ಮಾತ್ರ ಒಂದೇ ಸಲ ನೋಡಿ ನಂಬಿಬಿಟ್ಟೆ ಅಣ್ಣ."

ಮರುದಿನ ಬೆಳಿಗ್ಗೆಯೇ ಮೇಸ್ತ್ರಿ ಮೂವರು ಮೊಮ್ಮಕ್ಕಳನ್ನೂ ಪೇಟೆ ಶಾಲೆಯಿಂದ ಬಿಡಿಸಿ ದಿಬ್ಬಕ್ಕೆ ಸೇರಿಸಿದರು. ಈ ಸಲ ಶಾಯಿಯಲ್ಲಿ ಸಹಿ ಹಾಕಿದರು. ಮೂವತ್ತೇಳಕ್ಕೆ ಮೂರು ಸೇರಿದರೆ ನಲವತ್ತು, ಕೂದಲೆಳೆಯಷ್ಟೂ ಹೆಚ್ಚಿಲ್ಲ ಕಡಿಮೆಯಿಲ್ಲ. ಮನಸ್ಸು ತಡೆಯದೆ ಆ ಮಕ್ಕಳಿಗೆ ಅಂತ ಎರಡು ಬೆಂಚು ಆರಿಸಿ, ಹಳೆಯದನ್ನೆಲ್ಲ ಕೆರೆದು, ಎರಡು ಕೋಟು ವಾರ್ನಿಷ್ ಹೊಡೆದು ತಾವೇ ಹೊತ್ತುಕೊಂಡು ಹೋಗಿ ಹಾಕಿದರು. ಮೂವರೂ ಹದಿನೈದು ದಿನ ಒಂದು ದಿನವೂ ತಪ್ಪದೆ ದಿಬ್ಬ ಹತ್ತಿದರು.

ಎಣಿಸಲು ಬಂದಾತ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಕೋಣೆ ಕೋಣೆಗೆ ಹೋಗಿ, ಮಕ್ಕಳನ್ನು ಎಬ್ಬಿಸಿ, ಮೊಣಕಾಲೂರಿ ಬೆಂಚು ಬಗ್ಗಿ ನೋಡಿದ. ಮೇಸ್ತ್ರಿಯ ಮೊಮ್ಮಕ್ಕಳ ಬೆಂಚಿನ ಮುಂದೆ ತುಂಬಾ ಹೊತ್ತು ಕೂತ. ಪಟ್ಟಿ ಹೊಳೆಯುತ್ತಿತ್ತು. ಅದರ ಮೇಲೆ ಬೆರಳಾಡಿಸಿ ಎದ್ದು, ಮೂರು ವರ್ಷ ಪೇಟೆಯಲ್ಲಿ ಓದಿದವರು ಎಣಿಕೆಗೆ ಹದಿನೈದೇ ದಿನ ಮೊದಲು ಇಲ್ಲಿಗೆ ಬಂದದ್ದು ಹೇಗೆ ಅಂತ ಕೇಳಿದ.

ಮೇಸ್ತ್ರಿ ತಡವರಿಸಿದರು. ವಾರ್ನಿಷ್ ಹೊಸದು, ನಾನೇ ಹೊಡೆದದ್ದು, ಮಕ್ಕಳು ದಿನಾ ಬರ್ತಾರೆ, ಬೇಕಾದರೆ ಯಾರನ್ನಾದರೂ ಕೇಳಿ ಅಂದರು. ಒಂದು ತಿಂಗಳು ಬಿಟ್ಟು ಬಂದರೆ ಸವೆತ ತೋರಿಸ್ತೀನಿ ಅಂತಲೂ ಅಂದರು.

"ಉಪ್ಪುಕಾಗದ ಹಿಡಿದು ಉಜ್ಜಿದರೆ ಒಂದು ಗಂಟೆಯಲ್ಲೇ ಸವೆಯುತ್ತೆ ಮೇಸ್ತ್ರಿ, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು" ಅಂದ ಆತ. "ಕಾಗದ ಸುಳ್ಳು ಹೇಳಬಹುದು, ಮರ ಹೇಳಲ್ಲ ಅಂದವರು ನೀವೇ." ಮೂವತ್ತೇಳು ಅಂತ ಬರೆದುಕೊಂಡು ಹೋದ.

ಶನಿವಾರ ಬೆಂಚುಗಳನ್ನು ಪೇಟೆ ಶಾಲೆಗೆ ಸಾಗಿಸಬೇಕು ಅಂತ ಮಂಡಳಿಯಿಂದ ಆದೇಶ ಬಂತು. ಸಾಗಿಸುವವರು ಇನ್ಯಾರು, ಮೇಸ್ತ್ರಿಯೇ. ತಂಗಿ ಯಾರೂ ಕರೆಯದೆ ಬಂದು ಸೆರಗು ಸಿಕ್ಕಿಸಿ ಇನ್ನೊಂದು ತುದಿ ಹಿಡಿದಳು. ಅವಳ ಮುಖ ನೋಡಲು ಅಣ್ಣನಿಗೆ ಧೈರ್ಯ ಬರಲಿಲ್ಲ. ಹೊಳೆಯುವ ಆ ಬೆಂಚಿನ ಸರದಿ ಬಂದಾಗ ಅವಳು ಒಂದು ಗಳಿಗೆ ನಿಂತಳು.

"ಹಿಂದಿನ ದಿನವೇ ಉಜ್ಜಿಬಿಡಬಹುದಿತ್ತಲ್ಲ ಅಣ್ಣ, ಯಾರಿಗೆ ಗೊತ್ತಾಗ್ತಿತ್ತು?"

"ಉಪ್ಪುಕಾಗದ ಕೈಗೆ ತಗೊಂಡಿದ್ದೆ" ಅಂದರು ಮೇಸ್ತ್ರಿ. "ಮಕ್ಕಳು ನಿಜವಾಗಿ ಬರ್ತಿದ್ದಾರೆ, ಮೋಸ ಯಾಕೆ ಅಂತ ಕೆಳಗಿಟ್ಟೆ."

"ನನ್ನ ಮೂವತ್ತೇಳೂ ನಿಜವಾಗಿಯೇ ಬರ್ತಿದ್ದರು" ಅಂದಳು ತಂಗಿ.

ಇಬ್ಬರೂ ಆ ಬೆಂಚನ್ನು ಎತ್ತಿ ಗಾಡಿಯಲ್ಲಿಟ್ಟು, ಮುಂದಿನದಕ್ಕೆ ಒಳಗೆ ಹೋದರು.