ಮುಗಿಲಿಗೆ ಮೆಣಸಿನಕಾಯಿ, ಮುಖಕ್ಕ ಗಿಣಿ

ಕಳೆದ ತಿಂಗಳು ತವರೂರು ಇಂಡಿಯಲ್ಲಿ ಅಣ್ಣನ ಕಪಾಟು ಖಾಲಿ ಮಾಡುವಾಗ ಹಲ್ಲುಪುಡಿಯ ಹಳೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಹಲ್ಲುಪುಡಿಯ ವಾಸನೆ ಅಲ್ಲ, ಫೋಟೋ ತೊಳೆಯುವ ನೀರಿನ ಹುಳಿ ವಾಸನೆ. ಒಳಗೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಮೂರು ದುಂಡು ಗಾಜು. ಒಂದು ಹಳದಿ, ಒಂದು ಹಸಿರು, ಒಂದು ಕೆಂಪು. ಕೆಂಪು ಗಾಜನ್ನು ಕಣ್ಣಿಗೆ ಹಿಡಿದು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಹಣೆಯ ಮೇಲಿನ ಕುಂಕುಮ ಕಾಣಲಿಲ್ಲ. ಗಾಜು ಇಳಿಸಿದೆ, ಬಂತು. ಮತ್ತೆ ಹಿಡಿದೆ, ಹೋಯಿತು.

ಇಂಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಣ್ಣನದೊಂದು ಫೋಟೋ ಸ್ಟುಡಿಯೋ ಇತ್ತು. ಕಪ್ಪು ಬಿಳುಪು ಫೋಟೋಗಳ ಕಾಲ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಹೆಣ್ಣುಮಕ್ಕಳು ಫೋಟೋಕ್ಕೆ ಬಂದಾಗ ಸೆರಗು ಸರಿ ಮಾಡಲು, ಬಾಚಣಿಗೆ ಕೊಡಲು ಒಬ್ಬಳು ಇದ್ದರೆ ಅವರಿಗೆ ನಾಚಿಕೆ ಆಗುವುದಿಲ್ಲವೆಂದು ಅಣ್ಣ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಅವ್ವನಿಗೆ ಅದು ಸೇರುತ್ತಿರಲಿಲ್ಲ. “ಒಂದ ಒಂದ ದೂರು ಬರ್ಲಿ, ಅವತ್ತಿಂದ ಒಲಿ ಮುಂದ ಕುಂದ್ರಸ್ತೇನಿ,” ಅನ್ನುತ್ತಿದ್ದಳು. ವರ್ಷ ತುಂಬುವುದರೊಳಗೆ ನಾನು ಬಾಚಣಿಗೆ ಬಿಟ್ಟು ಕ್ಯಾಮೆರಾ ಹಿಡಿಯುವುದನ್ನು ಕಲಿತಿದ್ದೆ. ಅದು ಅವ್ವನಿಗೆ ಗೊತ್ತಿರಲಿಲ್ಲ. ಊರಿಗೂ ಗೊತ್ತಿರಲಿಲ್ಲ.

ಕ್ಯಾಮೆರಾದ ಕಣ್ಣಿಗೆ ಹಾಕುವ ಆ ಬಣ್ಣದ ಗಾಜುಗಳ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ನನಗೆ ಓದಲು ಬರುತ್ತಿರಲಿಲ್ಲ. ಅದಕ್ಕೆ ಅಣ್ಣ ಹಳದಿಗೆ ಲಿಂಬಿ, ಕೆಂಪಿಗೆ ಮೆಣಸಿನಕಾಯಿ, ಹಸಿರಿಗೆ ಗಿಣಿ ಎಂದು ಹೆಸರಿಟ್ಟ. ಒಂದು ದಿನ ಲಿಂಬೆಹಣ್ಣು, ಕೆಂಪು ಮೆಣಸಿನಕಾಯಿ ತಂದು ಸ್ಟೂಲಿನ ಮೇಲೆ ಸಾಲಾಗಿ ಇಟ್ಟ. ಗಿಣಿ ಸಂತೆಯಲ್ಲಿ ಸಿಗಲಿಲ್ಲವೆಂದು ಬೇವಿನ ತಪ್ಪಲು ಇಟ್ಟ. ಒಂದೊಂದು ಗಾಜು ಹಾಕಿ ಒಂದೊಂದು ಫೋಟೋ ತೆಗೆಸಿದ. ತೊಳೆದು ನೋಡಿದರೆ ಕೆಂಪು ಗಾಜಿನ ಫೋಟೋದಲ್ಲಿ ಮೆಣಸಿನಕಾಯಿ ಹತ್ತಿಯ ಹಾಗೆ ಬೆಳ್ಳಗೆ, ಬೇವಿನ ತಪ್ಪಲು ಕರ್ರಗೆ.

“ಯಾವ ಬಣ್ಣದ ಗಾಜು ಹಾಕ್ತಿ, ಆ ಬಣ್ಣ ಫೋಟೋದಾಗ ಬೆಳ್ಳಗ ಆಗ್ತೈತಿ. ಅದರ ವೈರಿ ಬಣ್ಣ ಕರ್ರಗ ಆಗ್ತೈತಿ. ಇಷ್ಟ ತಿಳದ್ರ ನೀ ಪಾಸು,” ಅಂದ. ನಾಲ್ಕು ವರ್ಷ ಸಾಲಿಗೆ ಹೋಗಿದ್ದರೂ ನನ್ನನ್ನು ಯಾರೂ ಹಾಗೆ ಅಂದಿರಲಿಲ್ಲ.

ಊರ ಹೊರಗಿನ ಜೋಳದ ಹೊಲಕ್ಕೂ ಕರೆದುಕೊಂಡು ಹೋಗುತ್ತಿದ್ದ. ಗಾಜಿಲ್ಲದೆ ತೆಗೆದರೆ ನಮ್ಮ ಮುಗಿಲು ತೊಳೆದ ಧೋತರದ ಹಾಗೆ ಬರುತ್ತಿತ್ತು. ಕೆಂಪು ಗಾಜು ಹಾಕಿದರೆ ನೀಲಿ ಎಲ್ಲ ಕಪ್ಪಾಗಿ, ಮೋಡಗಳು ಈಗಲೇ ಸುರಿಯುತ್ತೇವೆ ಅನ್ನುವ ಹಾಗೆ ಎದ್ದು ನಿಲ್ಲುತ್ತಿದ್ದವು. ಗಿಣಿ ಹಾಕಿ ಮುಖ ತೆಗೆದರೆ ತುಟಿ ತಿದ್ದಿ ಬರೆದ ಹಾಗೆ ಬರುತ್ತಿತ್ತು. ಗಾಜು ಬೆಳಕನ್ನು ತಿನ್ನುತ್ತದೆ, ಅದಕ್ಕೆ ಲಿಂಬಿಗೆ ಒಂದು ಕಟಕ್, ಗಿಣಿಗೆ ಎರಡು, ಮೆಣಸಿನಕಾಯಿಗೆ ಮೂರು ಕಟಕ್ ಕ್ಯಾಮೆರಾದ ಬಾಯಿ ಹೆಚ್ಚು ತೆರೆಯಬೇಕು. ಅದನ್ನೂ ಬಾಯಿಪಾಠ ಮಾಡಿದ್ದೆ. ಹೊಲದಿಂದ ಬರುವಾಗ ಅಣ್ಣ ಸೈಕಲ್ ಮೇಲೆ ಹಾಡಿನ ಹಾಗೆ ಹೇಳುತ್ತಿದ್ದ: “ಮುಗಿಲಿಗೆ ಮೆಣಸಿನಕಾಯಿ, ಮುಖಕ್ಕ ಗಿಣಿ.” ಹಿಂದೆ ಕುಳಿತ ನಾನು ಹಾಗೇ ಹೇಳಬೇಕು. ತಪ್ಪಿದರೆ ಇಳಿದು ನಡೆಯಬೇಕು.

ಮುದ್ದೇಬಿಹಾಳದ ಕಡೆ ಒಂದು ಮದುವೆಗೆಂದು ಅಣ್ಣ ಮೂರು ದಿನ ಹೋಗಿದ್ದ. ಹೊಸ ಕ್ಯಾಮೆರಾ ಒಯ್ದಿದ್ದ, ಹಳೆಯ ಕ್ಯಾಮೆರಾ ಮತ್ತು ಗಾಜಿನ ಡಬ್ಬಿ ಸ್ಟುಡಿಯೋದಲ್ಲೇ ಇದ್ದವು. ಯಾರಾದರೂ ಬಂದರೆ ನಾಲ್ಕು ದಿನ ಬಿಟ್ಟು ಬರಲು ಹೇಳು ಅಂದಿದ್ದ. ಸಂತೆಯ ದಿನ ತಾಂಬಾದಿಂದ ಅತ್ತೆ, ಸೊಸೆ ಇಬ್ಬರು ಬಂದರು. ಮಗ ಮಿಲಿಟರಿಯಲ್ಲಿದ್ದ. ಹೆಂಡತಿಯ ಫೋಟೋ ಕಳಿಸಿ ಎಂದು ಬರೆದಿದ್ದನಂತೆ.

“ನಿಮ್ಮಣ್ಣ ಎಲ್ಲದಾನವಾ?” ಅತ್ತೆ ಕೇಳಿದಳು.

“ಈಗ ಬರ್ತಾನ್ರಿ, ಕುಂದ್ರಿ,” ಅಂದೆ. ಯಾಕೆ ಹಾಗೆ ಅಂದೆನೋ... ಕ್ಯಾಮೆರಾ ಎದುರಿಗೇ ಇತ್ತು, ಅಷ್ಟೇ.

ಅತ್ತೆ ಸೊಸೆಯನ್ನು ಕೂಡಿಸಿ ಸಂತೆಗೆ ಹೋದಳು. ಸೊಸೆಗೆ ನನ್ನದೇ ವಯಸ್ಸು, ಹದಿನಾರೋ ಹದಿನೇಳೋ. ಆಗಷ್ಟೇ ಸೀತಾಳೆ ಸಿಡುಬಿನ ಅಮ್ಮ ಬಂದು ಹೋಗಿ, ಎರಡೂ ಕೆನ್ನೆಯ ತುಂಬ ಕೆಂಪು ಕಲೆ ಉಳಿದಿದ್ದವು. “ಇವು ಕಾಣಬಾರದು ನೋಡವಾ. ಅವರು ನನ್ನ ನೋಡಿದ್ದು ಹದಿನೈದ ದಿನ. ಇದನ್ನ ನೋಡಿ ಅಂಜಿ ಊರಿಗೇ ಬರೂದಿಲ್ಲ,” ಅಂದಳು. ಇಬ್ಬರೂ ನಕ್ಕೆವು. ಆದರೆ ಅವಳ ಕಣ್ಣಲ್ಲಿ ನೀರಿತ್ತು.

ಗಿಣಿ ಹಾಕಿದರೆ ಕೆಂಪು ಕಲೆಗಳೆಲ್ಲ ಕರ್ರಗೆ ಎದ್ದು ಕಾಣುತ್ತವೆ. ಮೆಣಸಿನಕಾಯಿ ಹಾಕಿದರೆ ಕೆಂಪು ಮಾಯ. ಅಣ್ಣನಿಗೂ ಹೊಳೆಯದ ಉಪಾಯ ನನಗೆ ಹೊಳೆಯಿತೆಂದು ಹಿಗ್ಗಿದೆ. ಮೂರು ಕಟಕ್ ತಿರುವಿ ತೆಗೆದೆ. ನಾನೇ ತೊಳೆದೆ, ನಾನೇ ಕಾಗದದ ಮೇಲೆ ಇಳಿಸಿದೆ. ಕೆನ್ನೆ ಬೆಣ್ಣೆಯ ಹಾಗೆ ಬಂದಿತ್ತು. ಕೆನ್ನೆ ಬಿಟ್ಟು ಬೇರೇನೂ ನಾನು ನೋಡಲಿಲ್ಲ. ಅಣ್ಣ ಬರುವುದರೊಳಗೆ ಲಕೋಟೆಗೆ ಹಾಕಿ ಅಂಟಿಸಿ ಅವರ ಊರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿಬಿಟ್ಟೆ. ಅವರೂ ತೆರೆದು ನೋಡದೆ, ಮೇಲೆ ವಿಳಾಸ ಬರೆಸಿ ಹಾಗೇ ಟಪಾಲಿಗೆ ಹಾಕಿದ್ದರು.

ತಿಂಗಳ ಮೇಲೆ ಒಂದು ಮಧ್ಯಾಹ್ನ ಅತ್ತೆ ಒಬ್ಬಳೇ ಬಂದಳು. ಅವ್ವ ಆಗಷ್ಟೇ ಸ್ಟುಡಿಯೋಕ್ಕೆ ಬುತ್ತಿ ತಂದಿದ್ದಳು, ಅಣ್ಣನೂ ಅಲ್ಲೇ ಇದ್ದ. ಮಗ ಆ ಫೋಟೋವನ್ನೇ ತಿರುಗಿ ಕಳಿಸಿ, ಜೊತೆಗೆ ಒಂದೇ ಸಾಲು ಬರೆದಿದ್ದ: ‘ನಾನು ಇನ್ನೂ ಜೀವಂತ ಇದ್ದೇನೆ, ಮನೆಯಲ್ಲಿ ತಿಳಿಸುವುದು.’

“ನನ್ನ ಮಗ ಅಲ್ಲಿ ಗುಂಡಕಲ್ಲ ಇದ್ಹಂಗ ಅದಾನ. ಇಲ್ಲಿ ನೀವು ಅವನ ಹೇಂತಿ ಹಣಿ ಬೋಳ ಮಾಡಿ ಕುಂದ್ರಸೀರಿ,” ಎಂದು ಅತ್ತೆ ಫೋಟೋ ಬೆಂಚಿನ ಮೇಲೆ ಬಡಿದಳು. “ಇದನ್ನ ತಗದಾಂವ ಯಾರು?”

ನೋಡಿದೆ. ಕಲೆಗಳ ಜೊತೆ ಕುಂಕುಮವೂ ಹೋಗಿತ್ತು. ಅದೂ ಕೆಂಪಲ್ಲವೇ... ಹಣೆ ಸಾರಿಸಿದ ನೆಲದ ಹಾಗಿತ್ತು.

ಅವ್ವ ನನ್ನ ಮುಖ ನೋಡಿದಳು. ಒಲೆಯ ಮುಂದಿನ ಮಣೆ ನನ್ನ ಕಣ್ಣಿಗೆ ಕಟ್ಟಿತು.

“ಅಣ್ಣಾನ ತಗದಾನ್ರಿ,” ಅಂದೆ.

ಅಣ್ಣ ಫೋಟೋ ಎತ್ತಿ ಬೆಳಕಿಗೆ ಹಿಡಿದ. ಆ ಫೋಟೋ ತೆಗೆದ ದಿನ ತಾನು ಮುದ್ದೇಬಿಹಾಳದಲ್ಲಿ ಇದ್ದೆ ಅನ್ನಲು ಅವನಿಗೆ ಒಂದು ಮಾತು ಸಾಕಿತ್ತು. ನನ್ನ ಕಡೆ ನೋಡಲೂ ಇಲ್ಲ. “ಹೌದ್ರಿ ಬಾಯೇರ, ನಾನ ತಗದೇನಿ. ಗಾಜು ತಪ್ಪಿ ಹಾಕೇನಿ. ನಾಳೆ ನಾನ ನಿಮ್ಮೂರಿಗಿ ಬಂದು ಹೊಸಾದು ತಗದು ಕೊಡ್ತೇನಿ,” ಅಂದ. ಅತ್ತೆ ಆ ಫೋಟೋ ತಿರುಗಿ ಕಸಿದುಕೊಂಡು ಹೋದಳು. ಮರುದಿನ ಗಿಣಿ ಗಾಜು ಜೇಬಿನಲ್ಲಿ ಇಟ್ಟುಕೊಂಡು ತಾಂಬಾದ ಬಸ್ಸು ಹತ್ತಿದ. ಅಷ್ಟರಲ್ಲಿ ಕಲೆಗಳೂ ಮಾಸಿದ್ದವಂತೆ. ಫೋಟೋ ಚೆನ್ನಾಗಿ ಬಂತು.

ಆದರೆ ಮಾತು ಬಸ್ಸಿಗಿಂತ ಮುಂದೆ ಹೋಗಿತ್ತು. ಬಸವನಬಾಗೇವಾಡಿಯ ದೊಡ್ಡ ಮನೆಯೊಂದರ ಮದುವೆಗೆ ಅಣ್ಣನನ್ನು ಕರೆದಿದ್ದರು. ಆರು ತಿಂಗಳಿಂದ ಅದರದೇ ಮಾತಾಡುತ್ತಿದ್ದ. ‘ಕುಂಕುಮ ಅಳಸೋ ಫೋಟೋದಾಂವ ನಮಗ ಬ್ಯಾಡ’ ಎಂದು ಹೇಳಿ ಕಳಿಸಿದರು. ಆ ವರ್ಷ ಒಂದು ಮದುವೆಗೂ ಯಾರೂ ಕರೆಯಲಿಲ್ಲ. ಆ ಹೆಸರು ಮಾತ್ರ ಅವನಿಗೆ ಅಂಟಿಕೊಂಡಿತು. ಅಣ್ಣ ಅದನ್ನೂ ನಗೆ ಮಾಡಿದ. ಗಡ್ಡ ಬಿಟ್ಟವರು ಬಂದರೆ, “ಕುಂಕುಮ ಅಳಸ್ತೇನಿ, ಗಡ್ಡ ಅಳಸೂದು ಕಟಿಂಗ್ ಅಂಗಡ್ಯಾಗ,” ಅನ್ನುತ್ತಿದ್ದ. ನನಗೆ ಒಂದು ಮಾತೂ ಅನ್ನಲಿಲ್ಲ. ವಾರದ ಮೇಲೆ ಹೆಣ್ಣುಮಗಳೊಬ್ಬಳು ಫೋಟೋಕ್ಕೆ ಬಂದಾಗ ಕ್ಯಾಮೆರಾ ನನ್ನ ಕೈಗೆ ಕೊಟ್ಟು, “ಮುಖಕ್ಕ?” ಅಂದ. “ಗಿಣಿ,” ಅಂದೆ. “ಪಾಸು,” ಎಂದು ಹೊರಗೆ ಹೋದ.

ಹೇಳಬೇಕು, ಹೇಳಬೇಕು ಅಂದುಕೊಂಡೇ ವರ್ಷಗಳು ಹೋದವು. ಮದುವೆಯಾಗಿ ಸಿಂದಗಿಗೆ ಬಂದೆ. ಕಲರ್ ಬಂತು, ಗಾಜುಗಳು ಡಬ್ಬಿ ಸೇರಿದವು. ಈಗಿನ ಹುಡುಗಿಯರು ಫೋಟೋ ತೆಗೆದ ಮೇಲೆ ಮೊಬೈಲಿನಲ್ಲಿ ಬೆರಳು ಎಳೆದು ಬಣ್ಣ ಆರಿಸುತ್ತಾರೆ, ಬೇಡವಾದರೆ ತಿರುಗಿ ತೆಗೆಯುತ್ತಾರೆ. ನಮಗೆ ತಿರುಗಿ ತೆಗೆಯಲು ಬರುತ್ತಿರಲಿಲ್ಲ. ಹೋದ ವರ್ಷ ಅಣ್ಣ ತೀರಿಕೊಂಡ. ಹನ್ನೊಂದನೆಯ ದಿನದ ಊಟಕ್ಕೆ ಕುಳಿತವರು, “ಕುಂಕುಮ ಅಳಸಿದಾಂವ, ಆದ್ರೂ ಭಾಳ ಛಲೋ ಮನಷ್ಯಾ,” ಎಂದು ಪ್ರೀತಿಯಿಂದಲೇ ನೆನೆದರು. ನಾನು ಹೋಳಿಗೆ ಬಡಿಸುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಡಬ್ಬಿ ಸಿಕ್ಕ ದಿನ ಸಿಂದಗಿಗೆ ಮರಳುವಾಗ ತಾಂಬಾದಲ್ಲಿ ಇಳಿದೆ. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದರೂ ಒಮ್ಮೆಯೂ ಇಳಿದಿರಲಿಲ್ಲ. ಮಿಲಿಟರಿಯವರ ಮನೆ ಎಂದರೆ ಎಲ್ಲರೂ ತೋರಿಸಿದರು. ಅಂದಿನ ಸೊಸೆ ಈಗ ನನ್ನ ಹಾಗೆಯೇ ಅಜ್ಜಿ. ನಾನು ಯಾರೆಂದು ಹೇಳಿ, ನೀರು ಕುಡಿಯುವ ಮೊದಲೇ ಎಲ್ಲ ಒದರಿಬಿಟ್ಟೆ. ಆಕೆ ನಗತೊಡಗಿದಳು.

“ಅಯ್ ಹುಚ್ಚಿ, ನನ್ನ ಮುಂದ ಕ್ಯಾಮೆರಾ ಹಿಡದು ನಿಂತಾಕಿ ನೀನ ಅಲ್ಲೇನು? ನನಗ ಗೊತ್ತಿರೂದಿಲ್ಲೇನು?”

“ಮತ್ತ ಯಾಕ ಹೇಳಲಿಲ್ಲ?”

“ನಿಮ್ಮಣ್ಣ ಬಂದಿದ್ನಲ್ಲ. ಅತ್ತಿ ಚಾ ಕಾಸಾಕ ಒಳಗ ಹೋದಾಗ ಕೈ ಮುಗದ. ‘ತಂಗಿ ಹೆಸರು ಹೇಳಬ್ಯಾಡ್ರಿ, ಆಕಿ ಕೈಯಾಗಿಂದ ಕ್ಯಾಮೆರಾ ಕಸಗೋತಾರ. ನನಕಿಂತ ಛಲೋ ತಗೀತಾಳ ಆಕಿ,’ ಅಂದ.”

ಕಟ್ಟೆಯ ಮೇಲೆ ಕುಳಿತಿದ್ದ ಆಕೆಯ ಗಂಡ ಒಳಗೆ ಹೋಗಿ ತನ್ನ ಟ್ರಂಕಿನಿಂದ ಆ ಹಳೆಯ ಫೋಟೋ ತಂದ. ಹಣೆಯ ಮೇಲೆ ಕೆಂಪು ಪೆನ್ನಿನಿಂದ ಒಂದು ದುಂಡು ಬೊಟ್ಟು. “ರಜೆಗೆ ಬಂದಾಗ ನಾನ ಹಚ್ಚೇನ್ರಿ,” ಅಂದ. “ನಿಮ್ಮಣ್ಣ ತಗದದ್ದೂ ಐತಿ. ಆದ್ರ ಮುಖ ಇದರಾಗ ಛಲೋ ಬಂದೈತಿ.”

ಡಬ್ಬಿ ಈಗ ನನ್ನ ಮುಂದೆ ಇದೆ. ಅಣ್ಣನಿಗೆ ಹೇಳಬೇಕಾದ ಮಾತನ್ನು ಕೇಳಲು ಅಣ್ಣ ಇಲ್ಲ... ಅದಕ್ಕೇ ಇದನ್ನು ಬರೆದೆ. ಇಂಡಿಯವರು, ಬಾಗೇವಾಡಿಯವರು ಯಾರಾದರೂ ಓದಿದರೆ ಆ ಹೆಸರನ್ನು ನಮ್ಮಣ್ಣನಿಂದ ತೆಗೆದು ನನಗೆ ಕೊಡಿ. ಕುಂಕುಮ ಅಳಿಸಿದವಳು ನಾನು.