ಮಾರ್ಕ್ಸ್ ಕಾರ್ಡಿನ ಬೆನ್ನು

ಸಿರುಗುಪ್ಪದ ಡಿಪ್ಲೊಮಾ ಕಾಲೇಜಿನಲ್ಲಿ ನಾನು ಲ್ಯಾಬ್ ಪಾಠ ಹೇಳುತ್ತೇನೆ. ರಕ್ತ, ಮೂತ್ರ ಪರೀಕ್ಷೆ ಕಲಿಸುವುದು ಸುಲಭ. ಕಲಿತ ಮಕ್ಕಳನ್ನು ಬಳ್ಳಾರಿಯ ಪದವಿ ಕಾಲೇಜಿಗೆ, ಬಯೋಮೆಡಿಕಲ್ ಸೈನ್ಸಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಿಸುವುದಿದೆಯಲ್ಲ, ಅದು ನನ್ನ ಜೀವ ಹಿಂಡುತ್ತದೆ. ಸೇರುವ ದಿನ ಯಾವುದೋ ಒಂದು ಕಾಗದ ಇರುವುದೇ ಇಲ್ಲ. ಹೋದ ವರ್ಷ ಒಬ್ಬಳ ಅಂಕಪಟ್ಟಿಗಳೆಲ್ಲ ಗಂಡಿನ ಮನೆಯಲ್ಲಿದ್ದವು. ಹುಡುಗಿ ಎಷ್ಟು ಓದಿದ್ದಾಳೆಂದು ತೋರಿಸಲು ಕೊಟ್ಟಿದ್ದರಂತೆ. ಸಂಬಂಧ ಮುರಿದಿತ್ತು, ಕಾಗದ ಕೇಳಲು ಇವರಿಗೆ ಮುಖವಿರಲಿಲ್ಲ. ಕೊನೆಗೆ ನಾನೇ ಹೋಗಿ ಇಸಕೊಂಡು ಬಂದೆ.

ಹಾಗಾಗಿ ಈ ವರ್ಷ ಎಲ್ಲರ ಮನೆಗೂ ಫೋನ್ ಮಾಡಿ ಕಾಗದ ಜೋಪಾನವೆಂದು ತಾಕೀತು ಮಾಡಿದ್ದೆ.

ಬಾದನಹಟ್ಟಿಯ ಹುಡುಗಿಯ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಹಸುಗೂಸಿನ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುವವಳು. ಪ್ರವೇಶದ ಕೊನೆಯ ದಿನ ಅಪ್ಪನ ಜೊತೆ ಬಳ್ಳಾರಿಗೆ ಬಂದಿದ್ದಳು, ನಾನೂ ಹೋಗಿದ್ದೆ. ಕಾಲೇಜಿನ ಗುಮಾಸ್ತರು ಅಂಕಪಟ್ಟಿಯನ್ನು ತಿರುಗಿಸಿದರು, ಉಗುರಿನಿಂದ ಕೆರೆದರು, ವಾಪಸ್ ತಳ್ಳಿದರು. ಪ್ರವೇಶದ ಸೀಲನ್ನು ಮೂಲ ಕಾಗದದ ಬೆನ್ನಿಗೇ ಒತ್ತಬೇಕು. ಇದಕ್ಕೋ ಎರಡೂ ಕಡೆ ಲ್ಯಾಮಿನೇಷನ್. ಪ್ಲಾಸ್ಟಿಕ್ಕಿನ ಮೇಲೆ ಮಸಿ ನಿಲ್ಲುವುದಿಲ್ಲ. ಹೊಸ ಪ್ರತಿ ತರಿಸಲು ತಿಂಗಳುಗಳೇ ಬೇಕು. ಸೀಟು ಇದ್ದದ್ದು ಅಂದು ನಾಲ್ಕು ಗಂಟೆಯವರೆಗೆ.

ನನ್ನ ಪಿತ್ತ ನೆತ್ತಿಗೇರಿತು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಂತೆ ಆ ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ. ಇದನ್ನು ಮಾಡಿಸಲು ನಿಮಗೆ ಹೇಳಿದವರಾರು, ಮಗಳ ಒಂದು ವರ್ಷ ಹಾಳು ಮಾಡಿದಿರಲ್ಲ ಎಂದೆ. ಅವರು ಹೆಗಲ ಟವೆಲ್ ಸರಿಮಾಡಿಕೊಂಡು, "ತಪ್ಪಾತ್ರಿ ಮೇಡಂ" ಎಂದರು, ಅಷ್ಟೇ.

ಹುಡುಗಿ ಅಪ್ಪನ ಮುಖ ನೋಡಿ ಮೇಜಿನತ್ತ ತಿರುಗಿದಳು. ಗುಮಾಸ್ತರಿಂದ ಸೀಲು ಕೇಳಿ ಪಡೆದು, ಅಂಕಪಟ್ಟಿಯ ಬೆನ್ನ ಮೇಲಿಟ್ಟು ಸುತ್ತ ಪೆನ್ನಿನಿಂದ ಗುರುತು ಮಾಡಿದಳು. ಜೆರಾಕ್ಸ್ ಅಂಗಡಿಯಿಂದ ಬ್ಲೇಡು ತಂದು, ಹೊರಗಿನ ಕಟ್ಟೆಯ ಮೇಲೆ ಕೂತು ಅಷ್ಟೇ ಚೌಕವನ್ನು ಗೀರಿ, ಒಂದು ಮೂಲೆಯಿಂದ ಪ್ಲಾಸ್ಟಿಕ್ಕನ್ನು ಮೆಲ್ಲಗೆ ಎಬ್ಬಿಸುತ್ತ ಹೋದಳು. ನಿಧಾನ, ಹರಿದೀತು ಎಂದು ನಾನು ಪಕ್ಕದಲ್ಲಿ ಗೊಣಗುತ್ತಲೇ ಇದ್ದೆ.

"ಮೇಡಂ, ಸ್ವಲ್ಪ ಸುಮ್ಮನಿರ್ರಿ. ಬ್ಲೇಡು ಜಾರ್ತೈತಿ."

ಕಾಗದದ ತೆಳು ಸಿಪ್ಪೆ ಒಂದಿಷ್ಟು ಅಂಟಿಕೊಂಡು ಬಂತು, ಆದರೆ ಹರಿಯಲಿಲ್ಲ. ಗುಮಾಸ್ತರು ಆ ಚೌಕದೊಳಗೆ ಸೀಲು ಒತ್ತಿದರು. ಮಸಿ ಸ್ವಲ್ಪ ಹರಡಿದರೂ ಅಕ್ಷರ ಓದಬಹುದಿತ್ತು. ಸೀಟು ಉಳಿಯಿತು. ಆಗ ಮೂರೂವರೆ.

ಬಸ್ ಸ್ಟ್ಯಾಂಡಿನಲ್ಲಿ ಅವಳ ಅಪ್ಪ ಚಹಾ ತರಲು ಹೋದಾಗ, ಇಂಥ ಬುದ್ಧಿ ನಿಮ್ಮಪ್ಪನಿಗೆ ಕೊಟ್ಟವರು ಯಾರೇ ಎಂದು ಮತ್ತೆ ಶುರು ಮಾಡಿದೆ. ಹುಡುಗಿ ನೆಲ ನೋಡಿದಳು.

"ನೀವ ರೀ. ಈ ಕಾಗದಕ್ಕ ಏನರ ಆದ್ರ ಮಗಳ ಓದು ಮುಗೀತು, ನೀರು ತಾಕಬಾರದು, ಮಡಚಬಾರದು ಅಂತ ಫೋನಿನ್ಯಾಗ ಹೇಳಿದ್ರಲ್ಲ. ಅಪ್ಪ ಮರುದಿನಾನ ಕುರುಗೋಡಿಗೆ ಹೋಗಿ ಮಾಡಿಸ್ಕೊಂಡು ಬಂದ. ಇವತ್ತ ನಾ ಹೇಳಾಕ ಬಾಯಿ ತೆಗದ್ರ, ಮಂದಿ ಮುಂದ ಬ್ಯಾಡ ಅಂತ ಕಣ್ಣಾಗ ಸನ್ನೆ ಮಾಡಿದ."

ಅಷ್ಟರಲ್ಲಿ ಅವರು ಚಹಾ ತಂದರು. ಮೊದಲ ಲೋಟ ನನಗೆ ಕೊಟ್ಟು, ಬಿಸಿ ಇದೆ, ಹುಷಾರು ಎಂದರು. ಕಚೇರಿಯಲ್ಲಿ ಅಷ್ಟು ಜನರೆದುರು ಬೈದಿದ್ದೆ. ಇಲ್ಲಿ ನಮ್ಮ ಮಾತು ಕೇಳುವವರು ನಾವು ಮೂವರೇ. ಆದರೂ ತಪ್ಪಾಯಿತು ಅನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.