ಗಾರೆಯೊಳಗಿನ ಕೈ

ಬೇಸಿಗೆಯಲ್ಲಿ ರಾಯದುರ್ಗಕ್ಕೆ ಹೋದವರಿಗೆ ನೀರಿಗಿಂತ ಮೊದಲು ಬೇಕಾಗುವುದು ಒರಗಿಕೊಳ್ಳಲು ಒಂದು ತಣ್ಣನೆಯ ಗೋಡೆ. ನನ್ನ ಸ್ಥೂಲಕಾಯವನ್ನು ಸಹಿಸುವ ಗೋಡೆ ಅಲ್ಲಿ ಒಂದೇ: ಬೆಟ್ಟದ ಬುಡದಲ್ಲಿರುವ ಗಂಗಮ್ಮ ಚಿಕ್ಕಮ್ಮನ ಕಲ್ಲುಬಂಗಲೆಯದು. ಯಾವನೋ ಬ್ರಿಟಿಷ್ ದೊರೆ ಕಟ್ಟಿಸಿದ ಮನೆ. ದೊರೆಗೆ ಅದು ದೊರೆತದ್ದು ಕೆಲವೇ ಬೇಸಿಗೆ, ಆಮೇಲೆ ಚಿಕ್ಕಮ್ಮನ ಮಾವನ ಮನೆತನಕ್ಕೆ ಬಂತು. ಮೊಳಕ್ಕಿಂತ ದಪ್ಪ ಗೋಡೆ, ಕಮಾನಿನ ಜಗಲಿ, ಗೋಡೆಯಿಂದ ತೊಲೆಗೆ ಹಾಸಿದ ಕಲ್ಲುಚಪ್ಪಡಿಗಳ ಮಾಳಿಗೆ. ಇವನ್ನೆಲ್ಲ ನಾನು ವಾಸ್ತುಪಂಡಿತನ ಗತ್ತಿನಲ್ಲಿ ಬಂದವರಿಗೆ ವರ್ಣಿಸುವುದುಂಟು, ಗೋಡೆಗೆ ಒರಗಿಕೊಂಡೇ.

ಈ ಸಲ ಹೋದಾಗ ನಡುಮನೆಯ ಚಪ್ಪಡಿಯೊಂದು ಸೀಳಿತ್ತು. ಮನೆಯಲ್ಲಿ ಅರ್ಧ ಪಾಲಿದ್ದ ಚಿಕ್ಕಮ್ಮನ ಮೈದುನ ತಿಪ್ಪೇಸ್ವಾಮಿಗೆ ಅಷ್ಟೇ ಸಾಕಾಯಿತು.

"ಯಾರ ತಲಿ ಮ್ಯಾಲೆ ಬೀಳ್ತೈತೋ ಅತ್ತಿಗಿ. ಕೆಡವಿಬಿಡೋಣ್ರಿ, ಜೀನ್ಸ್ ಹೊಲಿಯೋ ಶೆಡ್ಡು ಹಾಕ್ತೀನಿ."

"ಒಂದು ಕಲ್ಲು ಸೀಳಿದ್ರ ಮನೀನ ಯಾಕ ಕೆಡವಬೇಕಪ್ಪ?" ಎಂದಳು ಚಿಕ್ಕಮ್ಮ. "ಮೊದ್ಲು ಬದಲಿ ಮಾಡ್ಸಿ ನೋಡೋಣು. ಆಗ್ಲಿಲ್ಲಂದ್ರ ನಿನ್ನ ಮಾತಿನಂಗ."

ಮರುದಿನ ಮೇಸ್ತ್ರಿ ರಾಟೆ ಕಟ್ಟಿಸಿ ಚಪ್ಪಡಿ ಎತ್ತಿಸಿದ. ಪಕ್ಕದ ಕಲ್ಲು ಗರಗರ ಎಂದಾಗ ಈ ವಾಸ್ತುಪಂಡಿತ ಎಲ್ಲರಿಗಿಂತ ಮೊದಲು ಬೀದಿಯಲ್ಲಿದ್ದ. ಕಲ್ಲು ಬೀಳಲಿಲ್ಲ. ನಾನು ಧೂಳು ಕೊಡವಿಕೊಂಡು ಮಾಳಿಗೆ ಹತ್ತುವಾಗ ಮೇಲಿದ್ದವರೆಲ್ಲ ಬಗ್ಗಿ ನೋಡುತ್ತಿದ್ದರು.

ಗೋಡೆಯ ನೆತ್ತಿಯಲ್ಲಿ, ಚಪ್ಪಡಿಯ ತುದಿ ತಾಗದೆ ಉಳಿದಿದ್ದ ಸಂದಿನಲ್ಲಿ, ಒಣಗಿದ ಗಾರೆಯ ಮೇಲೆ ಒಂದು ಕೈ ಮೂಡಿತ್ತು. ಅಂಗೈಯ ಗೆರೆಗಳೂ ಮಾಸಿರಲಿಲ್ಲ. ಮಣಿಕಟ್ಟಿನಲ್ಲಿ ಬಳೆಗಳ ಗುರುತು.

"ಹೆಣ್ಮಗಳು," ಎಂದಳು ಚಿಕ್ಕಮ್ಮ ಮೆಲ್ಲಗೆ.

ಹಸಿ ಗಾರೆ ಮೆತ್ತಿ ಏಳುವಾಗ ಊರಿದ ಕೈಯಿರಬೇಕು. ಬೆಟ್ಟದ ಕೋಟೆಯನ್ನೂ ನಾನು ಇಷ್ಟು ಹೊತ್ತು ನೋಡಿದ್ದಿಲ್ಲ. ದೊರೆ ಹೋದ, ಅವನ ಆಳ್ವಿಕೆ ಹೋಯಿತು. ಹೆಸರಿಲ್ಲದ ಈ ಕೂಲಿಯವಳು ಮಾತ್ರ ಇದೀಗ ಎದ್ದುಹೋದಂತಿತ್ತು. ತಿಪ್ಪೇಸ್ವಾಮಿ ತನ್ನ ಅಂಗೈಯನ್ನು ಆ ಗುರುತಿನ ಮೇಲೆ ಇಡಲು ಹೋಗಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ.

ಸಂಜೆಗೆ ಹೊಸ ಚಪ್ಪಡಿ ಮೇಲೆ ಬಂತು. ಮೇಸ್ತ್ರಿ ಅನುಮಾನಿಸಿದ. "ಇದನ್ನ ಇಳಿಸಿದ್ರ ಆ ಕೈ ಮತ್ತ ಕಾಣಂಗಿಲ್ರಿ, ಅಮ್ಮಾರ."

ಚಿಕ್ಕಮ್ಮ ಮೈದುನನ ಮುಖ ನೋಡಿದಳು. ಅವನು ಎದ್ದುಹೋಗಿ ರಾಟೆಯ ಹಗ್ಗ ಹಿಡಿದ.

"ಇಳಸ್ರಿ. ಇಷ್ಟು ದಿನ ಯಾರಿಗೆ ಕಾಣ್ತಿತ್ತು? ಮನಿ ನಿಂತೇ ಇತ್ತಲ್ಲ," ಎಂದ.

ಚಪ್ಪಡಿ ಇಳಿಯಿತು. ಬೆಳಕು ಬೆರಳುಗಳಿಂದ ಜಾರಿ, ಅಂಗೈ ದಾಟಿ, ಬಳೆಗಳ ಗುರುತಿನ ಮೇಲೆ ಒಂದು ಗಳಿಗೆ ನಿಂತು, ಹೋಯಿತು.